ಹದಿಮೂರನೇ ಚಾನೆಲ್

ಹುಚ್ಚು ಬಿಡೋವರೆಗೂ ಮದುವೆಯಾಗಲ್ಲ, ಮದುವೆಯಾಗೋವರೆಗೂ ಹುಚ್ಚು ಬಿಡಲ್ಲ. 2009ರ ಸುಮಾರಿಗೆ ಲಿನಕ್ಸ್ ಹಾಕಿಕೊಂಡು ವೈರ್‌ಲೆಸ್ ಕಾರ್ಡಿನ ಜೊತೆ ಗುದ್ದಾಡಿದ ಕನ್ನಡಿಗರಿಗೆಲ್ಲ ಈ ಗಾದೆ ಒಮ್ಮೆಯಾದರೂ ನೆನಪಾಗಿರಬೇಕು. ಕಾರ್ಡು ಏಳಬೇಕಾದರೆ ಅದಕ್ಕೆ ತಕ್ಕ ತಂತ್ರಾಂಶ ಬೇಕು, ಆ ತಂತ್ರಾಂಶ ಇರುವುದು ಇಂಟರ್‌ನೆಟ್ಟಿನಲ್ಲಿ, ಇಂಟರ್‌ನೆಟ್ ಬರಬೇಕಾದರೆ ಕಾರ್ಡು ಏಳಬೇಕು. ಬೆಂಗಳೂರಿನ ಆಫೀಸುಗಳಲ್ಲಿದ್ದವರು ಪಕ್ಕದ ಟೇಬಲ್ಲಿನಿಂದ ಒಂದು ಕೇಬಲ್ ಎಳೆದು ಈ ಸುತ್ತಿನಿಂದ ಆಚೆ ಬರುತ್ತಿದ್ದರು. ಅಲ್ಲಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ, ಅತ್ತಿಬೆಲೆ ಕಳೆದು ಜೂಜುವಾಡಿ ಚೆಕ್‌ಪೋಸ್ಟ್ ದಾಟಿದ ಮೇಲೆ, ಅದು ಅಷ್ಟು ಸಲೀಸಾಗಿರಲಿಲ್ಲ.

ಹೊಸೂರಿಗೆ ಅಂಟಿಕೊಂಡಿರುವ ಮತ್ತಿಗಿರಿಯಲ್ಲಿ ಆಗ ಒಬ್ಬ ಕನ್ನಡ ಮೇಷ್ಟ್ರು ಬಾಡಿಗೆ ಮನೆಯಲ್ಲಿದ್ದರು. ಹುಟ್ಟಿದ್ದು ತಳಿಯ ಕಡೆಯ ಹಳ್ಳಿಯಲ್ಲಿ, ಕೆಲಸ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯಲ್ಲಿ. ಕೃಷ್ಣಗಿರಿ ಜಿಲ್ಲೆಯ ಈ ಅಂಚಿನಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವುದು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಆದರೆ ಕನ್ನಡದಲ್ಲಿ ಒಂದು ಪ್ರಶ್ನೆಪತ್ರಿಕೆ ಮುದ್ರಿಸಬೇಕೆಂದರೆ ಅದು ವಿಶೇಷವೇ ಆಗುತ್ತಿತ್ತು. ಹೊಸೂರಿನ ಡಿಟಿಪಿ ಅಂಗಡಿಗಳಲ್ಲಿ ತಮಿಳು ಅಕ್ಷರ ಬೇಕಾದಷ್ಟು. ಕನ್ನಡಕ್ಕೆ ನುಡಿಯೋ ಬರಹವೋ ಎಂಬ ತಂತ್ರಾಂಶ ಹಾಕಿರುವ ಅಂಗಡಿಯನ್ನು ಹುಡುಕಬೇಕಿತ್ತು. ಒಂದು ಕಡೆ ಟೈಪ್ ಮಾಡಿಸಿದ ಕಡತವನ್ನು ಇನ್ನೊಂದು ಕಡೆ ತೆರೆದರೆ, ಆ ಫಾಂಟ್ ಅಲ್ಲಿ ಇಲ್ಲದ ಕಾರಣ, ಏಳನೇ ತರಗತಿಯ ಸಮಾಜ ವಿಜ್ಞಾನ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕೂತಿರುತ್ತಿತ್ತು.

ತಮಿಳುನಾಡು 2006ರಲ್ಲಿ ತಂದ ತಮಿಳು ಕಲಿಕೆ ಕಾಯ್ದೆಯಿಂದ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಗುತ್ತಿತ್ತು. ಆ ಮೊದಲ ತಂಡ ಹತ್ತನೇ ತರಗತಿ ಮುಟ್ಟುವುದು 2016ರಲ್ಲಿ. ಭಾಷಾ ಅಲ್ಪಸಂಖ್ಯಾತರ ಗಲಾಟೆ, ಹೈಕೋರ್ಟ್ ಅಲೆದಾಟ ಎಲ್ಲ ಆಮೇಲಿನದು. ಮೇಷ್ಟ್ರಿಗೆ ಆಗ ಅಷ್ಟು ದೂರದ ಯೋಚನೆ ಇರಲಿಲ್ಲ. ಕನ್ನಡ ಪಾಠ ಓದುವ ಮಕ್ಕಳು ಇರುವವರೆಗೆ ಅವರ ಕೈಗೆ ಓದಲು ಬರುವಂಥ ಕಾಗದ ಕೊಡಬೇಕು, ಅದನ್ನು ಅಂಗಡಿಯವರ ಹಂಗಿಲ್ಲದೆ ತಾವೇ ತಯಾರಿಸಬೇಕು ಅನ್ನುವುದಷ್ಟೇ ಅವರ ಹಟ.

ಅದಕ್ಕಾಗಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡರು. ಅಮೆರಿಕದ ಯಾವುದೋ ಆಫೀಸು ವಿಲೇವಾರಿ ಮಾಡಿದ ಮಾಲು. ಕೀಲಿಮಣೆಯ ಮೂಲೆಯಲ್ಲಿ ಆಸ್ತಿ ಸಂಖ್ಯೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅದರಲ್ಲಿದ್ದ ವಿಂಡೋಸ್ ಮೊದಲ ತಿಂಗಳಲ್ಲೇ ನೆಲಕಚ್ಚಿತು. ಅದು 2008ರ ಕೊನೆಗೆ ಕಾಣಿಸಿಕೊಂಡ ಕಾನ್‌ಫಿಕರ್ ಹುಳು ಪೆನ್ ಡ್ರೈವ್‌ನಿಂದ ಪೆನ್ ಡ್ರೈವ್‌ಗೆ ಜಗತ್ತನ್ನೆಲ್ಲ ಸುತ್ತುತ್ತಿದ್ದ ಕಾಲ. ಡಿಟಿಪಿ ಅಂಗಡಿಗೆ ಪೆನ್ ಡ್ರೈವ್ ಕೊಟ್ಟು ವಾಪಸು ಪಡೆದವರಿಗೆ ಜೊತೆಗೆ ಏನು ಬಂತು ಎಂದು ಹೇಳಬೇಕಾಗಿಲ್ಲ.

ಲಿನಕ್ಸ್ ತಂದವನು ಅವರ ಹಳೇ ವಿದ್ಯಾರ್ಥಿ. ಕೆಲಮಂಗಲದ ಹುಡುಗ, ಡಿಪ್ಲೊಮಾ ಮುಗಿಸಿ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟ್ರೈನಿಯಾಗಿದ್ದ. ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂರುತ್ತಿದ್ದ. ಅವನ ಬ್ಯಾಗಿನಲ್ಲಿ 2009ರ ಫೆಬ್ರುವರಿಯಲ್ಲಿ ಹೊರಬಂದ, ಡೆಬಿಯನ್ 5.0 ಎಂಬ ಲಿನಕ್ಸ್ ಆವೃತ್ತಿಯ ಡಿವಿಡಿ ಇತ್ತು.

“ಸಾರ್, ಇದ್ರಾಗೆ ಕನ್ನಡ ಯೂನಿಕೋಡೇ ಐತೆ. ನುಡಿ ಕೀಲಿಮಣೆನೂ ಐತೆ. ಯಾರ ಮಿಷಿನ್ನಾಗೆ ತೆಗೆದ್ರೂ ಕನ್ನಡ ಕನ್ನಡವಾಗೇ ಕಾಣ್ತದೆ.”

ಅವನು ಹೇಳಿದ್ದು ನಿಜ. ನುಡಿಯನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಲಿನಕ್ಸಿನ ಬರವಣಿಗೆಯ ಸಲಕರಣೆಗಳಲ್ಲಿ ಆಗಲೇ ಸೇರಿತ್ತು. ಕೇದಗೆ, ಮಲ್ಲಿಗೆ, ಲೋಹಿತ್ ಎಂಬ ಕನ್ನಡ ಫಾಂಟುಗಳು ಡಿವಿಡಿಯಲ್ಲೇ ಇದ್ದವು. ಒಂದೇ ಸಂಜೆಯಲ್ಲಿ ಮೇಷ್ಟ್ರು ‘ಕೆಳಗಿನ ಪ್ರಶ್ನೆಗಳಿಗೆ ಒಂದು ವಾಕ್ಯದಲ್ಲಿ ಉತ್ತರಿಸಿ’ ಎಂದು ಬೆರಳಾಡಿಸಿ ತೃಪ್ತಿಪಟ್ಟರು. ಪರದೆ ಬಂತು, ಸದ್ದು ಬಂತು, ಹಳೇ ಪ್ರಿಂಟರ್ ಕೂಡ ತಕರಾರಿಲ್ಲದೆ ಕಾಗದ ನುಂಗಿತು. ವೈರ್‌ಲೆಸ್ ಮಾತ್ರ ಬರಲಿಲ್ಲ.

ನೆಟ್ ಇಲ್ಲದೆಯೂ ಪ್ರಶ್ನೆಪತ್ರಿಕೆ ತಯಾರಾಗುತ್ತದೆ, ಅದಕ್ಕೇಕೆ ಇಷ್ಟು ತಲೆಬಿಸಿ ಎಂದು ಮೇಷ್ಟ್ರ ಮನೆಯವರು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ. ಆದರೆ ಕೆಳಗಿನ ಮನೆಯಲ್ಲಿ, ಅಂದರೆ ಓನರ್ ಮನೆಯಲ್ಲಿ, ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ವೈ-ಫೈ ಮೋಡೆಮ್ ಮಿನುಗುತ್ತಿತ್ತು. ಕನ್ನಡ ವಿಕಿಪೀಡಿಯ, ಬೆಂಗಳೂರಿನ ಪತ್ರಿಕೆಗಳು, ಕರ್ನಾಟಕದ ಪಠ್ಯಪುಸ್ತಕಗಳು ಎಲ್ಲ ಒಂದು ತಾರಸಿಯ ಕೆಳಗೆ ಬಂದು ನಿಂತಿದ್ದವು. ಹೊಸೂರಿಗೆ ಬೆಂಗಳೂರಿನ ಕನ್ನಡ ಪೇಪರು ಬರುತ್ತದೆ, ತಳಿಯ ಒಳಹಳ್ಳಿಗಳಿಗೆ ಅದು ಬಂದರೆ ಬಂತು. ಗಡಿಯಾಚೆಯ ಕನ್ನಡಿಗರಿಗೆ ಇಂಟರ್‌ನೆಟ್ ಎಂದರೆ ಏನು ಅನ್ನುವುದು ರಾಜಧಾನಿಯಲ್ಲಿ ಕೂತವರಿಗೆ ಬೇಗ ಹೊಳೆಯುವ ಸಂಗತಿಯಲ್ಲ.

ಓನರಮ್ಮ ತೆಲುಗಿನವರು. ಪಾಸ್‌ವರ್ಡ್ ಕೊಡಲು ಮೊದಲು ಹಿಂಜರಿದರು. ಅದಕ್ಕೂ ಕಾರಣವಿತ್ತು. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಗಳಿಗೆ ಸ್ವಲ್ಪ ಮೊದಲು ಬೆದರಿಕೆಯ ಇಮೇಲ್ ಹೋದದ್ದು ನವಿ ಮುಂಬೈಯ ಒಂದು ಮನೆಯ ಬೀಗವಿಲ್ಲದ ವೈ-ಫೈ ಮೂಲಕ. ಅದರ ಬಾಡಿಗೆದಾರ ಅಮೆರಿಕದವನು ವಾರಗಟ್ಟಲೆ ವಿಚಾರಣೆ ಎದುರಿಸಿದ್ದ. ಆ ಸುದ್ದಿ ಟಿವಿಯಲ್ಲಿ ಎಲ್ಲರೂ ನೋಡಿದ್ದರು. ವೈ-ಫೈ ಎಂದರೆ ಪೊಲೀಸರು ಬರುವ ದಾರಿ ಎಂಬ ಅಂಜಿಕೆ ಎಷ್ಟೋ ಮನೆಗಳಲ್ಲಿ ಇತ್ತು. “ಮೇಷ್ಟ್ರು ತಾನೇ, ಇರಲಿ” ಎಂದು ಕೊನೆಗೆ ಅವರ ಮಗ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಮೋಡೆಮ್ಮಿಗೆ ಇದ್ದದ್ದು ಒಂದೇ ಕೇಬಲ್ಲಿನ ತೂತು, ಅದರಲ್ಲಿ ಅವನ ಕಂಪ್ಯೂಟರ್ ಸದಾ ಸಿಕ್ಕಿಕೊಂಡಿರುತ್ತಿತ್ತು. ಚೀಟಿ ಕೊಟ್ಟದ್ದೇ ದೊಡ್ಡದು. ಕೇಬಲ್ ಕೀಳಿ ಎಂದು ಕೇಳುವ ಸಲಿಗೆ ಇರಲಿಲ್ಲ.

ಹುಡುಗ ಕಪ್ಪು ಪರದೆ ತೆರೆದು ‘ಎಲ್‌ಎಸ್‌ಪಿಸಿಐ’ ಎಂದು ಕುಟ್ಟಿದ. ಯಂತ್ರದೊಳಗೆ ಏನೇನು ಚಿಪ್ಪುಗಳಿವೆ ಎಂದು ಪಟ್ಟಿ ಕೊಡುವ ಆಜ್ಞೆ ಅದು. ಪ್ರತಿ ಚಿಪ್ಪಿಗೂ ಒಂದು ಜೋಡಿ ಸಂಖ್ಯೆ: ಮೊದಲನೆಯದು ಕಂಪನಿಯದು, ಎರಡನೆಯದು ಆ ಮಾದರಿಯದು. ಕಾರ್ಡಿನ ಹೆಸರು, ಸಂಖ್ಯೆ ಎಲ್ಲ ಸರಿಯಾಗಿಯೇ ಬಂತು. ಆಮೇಲೆ ಲಿನಕ್ಸಿನ ತಿರುಳಾದ ಕರ್ನೆಲ್ಲಿನ ದಿನಚರಿಯಂತಿರುವ ‘ಡಿಮೆಸ್ಗ್’ ತೆರೆದ. ಡ್ರೈವರ್ ಕೂಡ ಇತ್ತು! ಅದು ಕಾರ್ಡನ್ನು ಗುರುತಿಸಿ, ಒಂದು ಫರ್ಮ್‌ವೇರ್ ಕಡತ ಕೇಳಿ, ಸಿಗದೆ, ಸುಮ್ಮನಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವೈರ್‌ಲೆಸ್ ಕಾರ್ಡು ಎಂದರೆ ಬರೀ ಒಂದು ಆಂಟೆನಾ ಅಲ್ಲ. ಅದರೊಳಗೆ ಒಂದು ರೇಡಿಯೋ, ಅದನ್ನು ಆಡಿಸಲು ಒಂದು ಪುಟ್ಟ ಪ್ರೊಸೆಸರ್, ಆ ಪ್ರೊಸೆಸರ್‌ಗೆ ತನ್ನದೇ ಆದ ಪ್ರೋಗ್ರಾಂ. ಆ ಪ್ರೋಗ್ರಾಮೇ ಫರ್ಮ್‌ವೇರ್. ಕೆಲವು ಕಾರ್ಡುಗಳು ಅದನ್ನು ಒಳಗೇ ಹೊತ್ತಿರುತ್ತವೆ. ಖರ್ಚು ಉಳಿಸಲು ಬಹಳಷ್ಟು ಕಂಪನಿಗಳು ಕಾರ್ಡಿನಲ್ಲಿ ಅದಕ್ಕೆ ಜಾಗ ಇಡುವುದಿಲ್ಲ. ಕಂಪ್ಯೂಟರ್ ಹೊತ್ತಿಸಿದಾಗಲೆಲ್ಲ ಡ್ರೈವರ್ ಅದನ್ನು ಡಿಸ್ಕಿನಿಂದ ಎತ್ತಿ ಕಾರ್ಡಿಗೆ ತುಂಬಬೇಕು. ಡ್ರೈವರ್ ಸ್ವತಂತ್ರ ತಂತ್ರಾಂಶವಾಗಿದ್ದರೂ ಫರ್ಮ್‌ವೇರ್ ಕಂಪನಿಯ ಸ್ವತ್ತು, ಅದರ ಮೂಲ ಯಾರಿಗೂ ಕಾಣದು. ಡೆಬಿಯನ್ ಕಟ್ಟುವವರು ತತ್ವದ ಜನ. ಮೂಲ ಕೊಡದ ಫರ್ಮ್‌ವೇರನ್ನು ಆಗ ಮುಖ್ಯ ಡಿವಿಡಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ‘ನಾನ್-ಫ್ರೀ’ ಎಂಬ ಬೇರೆ ಅಟ್ಟದ ಮೇಲೆ ಇಡುತ್ತಿದ್ದರು. ಆ ಅಟ್ಟ ಇದ್ದದ್ದು ಇಂಟರ್‌ನೆಟ್ಟಿನಲ್ಲಿ.

ಮೇಷ್ಟ್ರ ಕಾರ್ಡಿನ ಕಂಪನಿಯ ಹೆಸರು ಇಲ್ಲಿ ಬೇಡ. ಆ ಕಾಲದಲ್ಲಿ ಹೆಚ್ಚು ಕಡಿಮೆ ಎಲ್ಲರೂ ಒಂದೇ ರಾಗ ಹಾಡುತ್ತಿದ್ದರು: ಚಿಪ್ಪಿನ ವಿವರ ಹೊರಗೆ ಬಿಟ್ಟರೆ ಯಾರೋ ರೇಡಿಯೋವನ್ನು ನಿಷೇಧಿತ ತರಂಗಾಂತರಕ್ಕೆ ತಿರುಗಿಸುತ್ತಾರೆ, ಸರ್ಕಾರಗಳು ನಮ್ಮನ್ನು ಹಿಡಿಯುತ್ತವೆ. ಈ ಮಾತಿನಲ್ಲಿ ಒಂದಿಷ್ಟು ಸತ್ಯವಿತ್ತು, ಅದಕ್ಕಿಂತ ಹೆಚ್ಚು ವ್ಯಾಪಾರದ ಗುಟ್ಟಿತ್ತು. ಗುಟ್ಟಿನ ಬೆಲೆಯನ್ನು ಮಾತ್ರ ಕಂಪನಿಗಳು ತೆರಲಿಲ್ಲ. ಮತ್ತಿಗಿರಿಯ ಜಗಲಿಯಂಥ ಜಾಗಗಳಲ್ಲಿ ಕೂತವರು ತೆತ್ತರು.

ಈ ಗುಟ್ಟನ್ನು ಒಡೆದವರ ಕೆಲಸ ಹೇಗಿತ್ತು ಎನ್ನುವುದಕ್ಕೆ ಚೆನ್ನಾಗಿ ದಾಖಲಾದ ಉದಾಹರಣೆ ಬ್ರಾಡ್‌ಕಾಮ್ ಚಿಪ್ಪುಗಳದು. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೌಟರ್ ಒಳಗೆ ಲಿನಕ್ಸ್ ಓಡುತ್ತಿದೆ, ಆದರೆ ಮೂಲವನ್ನು ಕೊಟ್ಟಿಲ್ಲ ಎಂದು 2003ರಲ್ಲಿ ಒಬ್ಬ ಕರ್ನೆಲ್ ತಂಡದವರಿಗೆ ಬರೆದ. ಒತ್ತಡ ಏರಿತು, ಕಂಪನಿ ಮೂಲ ಬಿಡುಗಡೆ ಮಾಡಿತು. ಆದರೂ ವೈರ್‌ಲೆಸ್ ಡ್ರೈವರ್ ಮಾತ್ರ ಮುಚ್ಚಿದ ಡಬ್ಬಿಯಾಗಿಯೇ ಉಳಿಯಿತು. ಆ ಡಬ್ಬಿಯನ್ನೇ ಒಂದು ಗುಂಪು ಎದುರಿಗೆ ಇಟ್ಟುಕೊಂಡಿತು. ಅದರ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ನೋಡಿ, ಚಿಪ್ಪಿನ ಯಾವ ವಿಳಾಸಕ್ಕೆ ಯಾವ ಸಂಖ್ಯೆ ಬರೆದರೆ ಏನಾಗುತ್ತದೆ ಎಂದು ಸರಳ ಭಾಷೆಯಲ್ಲಿ ವಿವರಣೆ ಬರೆಯಿತು. ಎರಡನೇ ಗುಂಪು ಆ ಡಬ್ಬಿಯತ್ತ ಕಣ್ಣೆತ್ತಿಯೂ ನೋಡಲಿಲ್ಲ. ಮೊದಲ ಗುಂಪಿನ ವಿವರಣೆಯನ್ನು ಮಾತ್ರ ಓದಿ ಹೊಸದಾಗಿ ಡ್ರೈವರ್ ಬರೆಯಿತು. ನಾಳೆ ಯಾರಾದರೂ ಕೋರ್ಟಿಗೆ ಹೋಗಿ ‘ಕದ್ದಿದ್ದಾರೆ’ ಎಂದರೆ, ಬರೆದವರ ಕೈ ಶುದ್ಧ. ಮಾರ್ಟಿನ್ ಲ್ಯಾಂಗರ್, ಸ್ಟೆಫಾನೊ ಬ್ರಿವಿಯೊ, ಮೈಕೆಲ್ ಬುಷ್, ಡ್ಯಾನಿ ವಾನ್ ಡೈಕ್, ಆಂಡ್ರಿಯಾಸ್ ಯಾಗ್ಗಿ: ಯುರೋಪಿನ ಈ ಐವರ ಹೆಸರು 2005ರ ಇಸವಿಯೊಂದಿಗೆ ಆ ಮೂಲದ ನೆತ್ತಿಯ ಮೇಲಿದೆ. 2006ರಲ್ಲಿ ಅದು ಕರ್ನೆಲ್ 2.6.17ರೊಳಗೆ ಬಂತು, 2008ರ ಜನವರಿಯಲ್ಲಿ ‘ಬಿ43’ ಎಂಬ ಹೊಸ ಡ್ರೈವರ್ 2.6.24ರ ಜೊತೆ ಬಂತು.

ಈ ಮಡಿವಂತಿಕೆ ಎಷ್ಟು ಬಿಗಿಯಾಗಿತ್ತೆಂದರೆ, 2007ರ ಏಪ್ರಿಲ್‌ನಲ್ಲಿ ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಯ ಒಬ್ಬ ಡೆವಲಪರ್ ಈ ಡ್ರೈವರಿನ ಭಾಗಗಳನ್ನು ತನ್ನ ಇನ್ನೂ ಮುಗಿಯದ ಡ್ರೈವರಿಗೆ ತೆಗೆದುಕೊಂಡದ್ದು ಬಯಲಾದಾಗ ದೊಡ್ಡ ಜಗಳವೇ ನಡೆಯಿತು. ಸ್ವತಂತ್ರ ತಂತ್ರಾಂಶದವರು ಸ್ವತಂತ್ರ ತಂತ್ರಾಂಶದವರ ಮೇಲೆಯೇ ಪರವಾನಗಿ ಮುರಿದ ಆರೋಪ ಹೊರಿಸಿದರು. ಬಡಪಾಯಿ ಡೆವಲಪರ್ ಆ ಕೆಲಸವನ್ನೇ ಕೈಬಿಟ್ಟ. ಪರಸ್ಪರ ಹೊಡೆದಾಡುವುದರಲ್ಲಿ ನಮ್ಮ ಗಡಿ ಸಂಘಟನೆಗಳಿಗಿಂತ ಇವರೇನೂ ಕಡಿಮೆಯಿಲ್ಲ.

ಹುಡುಗನಿಗೆ ಈ ಕಥೆಗಳೆಲ್ಲ ಗೊತ್ತಾದದ್ದು 2009ರ ಡಿಸೆಂಬರಿನಲ್ಲಿ, ಬೆಂಗಳೂರಿನ ಫಾಸ್.ಇನ್ ಸಮ್ಮೇಳನಕ್ಕೆ ಹೋದಾಗ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಲ್ಲಿ ಶುರುವಾದ ಸಮ್ಮೇಳನ ಅದು. ಅದರ ಹಿಂದಿದ್ದ ಅತುಲ್ ಚಿಟ್ನಿಸ್, 90ರ ದಶಕದಲ್ಲೇ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿಗಳನ್ನು ಮನೆಮನೆಗೆ ಮುಟ್ಟಿಸಿದವರು. ಜಾಗ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರ್, ಅಂದರೆ ಹೊಸೂರು ರಸ್ತೆಯಲ್ಲೇ. ಹೊಸೂರಿನಲ್ಲಿ ಬಸ್ ಹತ್ತಿದರೆ ಬಾಗಿಲಲ್ಲೇ ಇಳಿಯಬಹುದು ಅನ್ನುವುದು ಲೆಕ್ಕಾಚಾರ. ಆದರೆ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಸಂಚಾರಕ್ಕೆ ತೆರೆದದ್ದು 2010ರ ಜನವರಿಯಲ್ಲಿ. ಡಿಸೆಂಬರಿನಲ್ಲಿ ಅದರ ಕೆಳಗೆ ಸಿಕ್ಕಿಕೊಂಡ ಬಸ್ಸು ಬೊಮ್ಮನಹಳ್ಳಿ ದಾಟುವಷ್ಟರಲ್ಲಿ ಬೆಳಗಿನ ಭಾಷಣಗಳು ಮುಗಿದುಹೋಗಿದ್ದವು. ಕಾಫಿ ಸಾಲಿನಲ್ಲಿ ನಿಂತವರ ಮಾತೇ ಅವನಿಗೆ ಭಾಷಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಲಿನಕ್ಸ್ ಬಳಸಿಯೂ ಮೂಲ ಕೊಡದ ವೈರ್‌ಲೆಸ್ ರೌಟರ್ ಕಂಪನಿಯ ವಿರುದ್ಧ 2004ರಲ್ಲಿ ಮ್ಯೂನಿಕ್ ಕೋರ್ಟಿನಿಂದ ತಡೆಯಾಜ್ಞೆ ತಂದ ಹರಾಲ್ಡ್ ವೆಲ್ಟೆ ಎಂಬಾತ ಈ ಸಮ್ಮೇಳನಕ್ಕೆ ಹಿಂದೆ ಬಂದು ಹೋಗಿದ್ದಾನೆ ಎಂದು ಕೇಳಿ ಅವನು ಬೆರಗಾದ. ವೈ-ಫೈ ಡಬ್ಬಿಗಾಗಿ ಕೋರ್ಟು ಮೆಟ್ಟಿಲು ಹತ್ತುವವರೂ ಇರುತ್ತಾರೆ!

ಅದಕ್ಕೂ ಮೊದಲು, ಮತ್ತಿಗಿರಿಯಲ್ಲಿ, ಸುತ್ತುದಾರಿಗಳೆಲ್ಲ ಮುಗಿದಿದ್ದವು. ಯಾರನ್ನು ಕೇಳಿದರೂ ಮೊದಲು ಬರುತ್ತಿದ್ದ ಸಲಹೆ ಎನ್‌ಡಿಐಎಸ್‌ರ್ಯಾಪರ್. ಸ್ವೀಡನ್ನಿನ ಪಾಂಟಸ್ ಫುಕ್ಸ್ 2003ರಲ್ಲಿ ಶುರು ಮಾಡಿದ ಈ ಸಲಕರಣೆ ವಿಂಡೋಸ್‌ನ ಡ್ರೈವರನ್ನೇ ಲಿನಕ್ಸಿನೊಳಗೆ ಕೂರಿಸಿ, ಅದಕ್ಕೆ ತಾನು ವಿಂಡೋಸ್‌ನಲ್ಲೇ ಇದ್ದೇನೆ ಎಂಬ ಭ್ರಮೆ ಹುಟ್ಟಿಸುತ್ತದೆ. ಜಾಣತನದ ಕೆಲಸ. ಆದರೆ ಅದನ್ನು ಕಟ್ಟಲು ಓಡುತ್ತಿರುವ ಕರ್ನೆಲ್ಲಿಗೆ ಕೂದಲೆಳೆಯಷ್ಟೂ ತಪ್ಪದಂತೆ ತಾಳೆಯಾಗುವ ಹೆಡರ್ ಕಡತಗಳು ಬೇಕು. ಅವನ್ನು ತರಲು ಹುಡುಗ ಹೊಸೂರು ಬಸ್ ಸ್ಟ್ಯಾಂಡ್ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಹೋಗುತ್ತಿದ್ದ. ಅಲ್ಲಿ ಐಡಿ ಕಾರ್ಡಿನ ಜೆರಾಕ್ಸ್ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿ, ಪೆನ್ ಡ್ರೈವ್‌ಗೆ ಕಡತ ಇಳಿಸಿಕೊಂಡು ಬರಬೇಕು. ಮನೆಗೆ ಬಂದು ಹಾಕಿದರೆ ಅದು ಇನ್ನೊಂದು ಪ್ಯಾಕೇಜು ಕೇಳುತ್ತದೆ. ಅದನ್ನು ತಂದರೆ ಮತ್ತೊಂದು. ಕೊನೆಗೆ ಎಲ್ಲ ಕೂಡಿಸಿ ಓಡಿಸಿದಾಗ ಕಾರ್ಡಿನ ದೀಪ ಒಮ್ಮೆ ಹತ್ತಿ, ಇಡೀ ಯಂತ್ರ ಕಲ್ಲಾಯಿತು.

ಯುಎಸ್‌ಬಿ ವೈ-ಫೈ ಕಡ್ಡಿ ಕೊಂಡರಾಯಿತು ಎಂದು ಮೇಷ್ಟ್ರೇ ಒಂದು ಶನಿವಾರ ಎಸ್‌ಪಿ ರೋಡಿಗೆ ಹೋದರು.

“ಅಣ್ಣ, ಇದು ಲಿನಕ್ಸ್‌ಗೆ ಆಗತ್ತಾ?”

“ಎಲ್ಲದಕ್ಕೂ ಆಗುತ್ತೆ ಸಾರ್.”

“ಒಳಗೆ ಯಾವ ಚಿಪ್ಪು?”

“ಚಿಪ್ಪು ಯಾಕೆ ಸಾರ್ ನಿಮಗೆ, ಸಿಡಿ ಕೊಡ್ತೀವಲ್ಲ!”

ಅಂಗಡಿಯವನನ್ನು ಅನ್ನುವಂತಿಲ್ಲ. ಅವನಿಗೂ ಗೊತ್ತಿರಲಿಲ್ಲ. ಒಂದೇ ಹೆಸರು, ಒಂದೇ ಡಬ್ಬಿ, ಒಂದೇ ಚಿತ್ರ ಇದ್ದರೂ ಆವೃತ್ತಿ ಬದಲಾದಾಗ ಒಳಗಿನ ಚಿಪ್ಪು ಬೇರೆ ಕಂಪನಿಯದಾಗುವುದು ಈ ವ್ಯಾಪಾರದಲ್ಲಿ ಮಾಮೂಲು. ವಿಂಡೋಸ್‌ನವರಿಗೆ ಸಿಡಿ ಜೊತೆಗೇ ಬರುವುದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ. ಮೇಷ್ಟ್ರು ಬರಿಗೈಯಲ್ಲಿ ಹೊಸೂರು ಬಸ್ ಹತ್ತಿದರು, ಅಥವಾ ಪೂರ್ತಿ ಬರಿಗೈಯಲ್ಲಲ್ಲ, ಅವೆನ್ಯೂ ರೋಡಿನಲ್ಲಿ ಮಕ್ಕಳಿಗೆ ಒಂದಿಷ್ಟು ಹಳೇ ಕನ್ನಡ ಪುಸ್ತಕ ಕೊಂಡಿದ್ದರು.

ಕೊನೆಗೆ ಬೇಕಾದದ್ದು ಡಿಮೆಸ್ಗ್ ಮೊದಲ ದಿನವೇ ಹೆಸರು ಹೇಳಿ ಕೇಳಿದ್ದ ಆ ಒಂದು ಕಡತವೇ. ಹುಡುಗ ಬ್ರೌಸಿಂಗ್ ಸೆಂಟರಿನಲ್ಲಿ ಡೆಬಿಯನ್ನಿನ ನಾನ್-ಫ್ರೀ ಅಟ್ಟ ಹುಡುಕಿ, ಆ ಚಿಪ್ಪಿನ ಫರ್ಮ್‌ವೇರ್ ಪ್ಯಾಕೇಜ್ ತಂದ. ಒಂದು ಫೋಟೋಗಿಂತಲೂ ಚಿಕ್ಕ ಕಡತ. ಅದನ್ನು ‘ಲಿಬ್’ ಒಳಗಿನ ‘ಫರ್ಮ್‌ವೇರ್’ ಕಡತಕೋಶದಲ್ಲಿ ಕೂರಿಸಿ, ಡ್ರೈವರನ್ನು ಇಳಿಸಿ ಮತ್ತೆ ಏರಿಸಿದ. ದೀಪ ಹತ್ತಿತು, ಯಂತ್ರ ಕಲ್ಲಾಗಲಿಲ್ಲ. ಹುಡುಕಲು ಹೇಳಿದರೆ ಎದುರು ಬೀದಿಯ ಯಾರದ್ದೋ ನೆಟ್‌ವರ್ಕು, ಮೂಲೆಯ ಕ್ಲಿನಿಕ್ಕಿನದು, ಎಲ್ಲ ಸಾಲಾಗಿ ಬಂದವು. ಕಾಲ ಕೆಳಗೇ ಇದ್ದ ಓನರ್ ಮನೆಯದು ಮಾತ್ರ ಇಲ್ಲ.

ಓನರ್ ಮಗನ ಫೋನಿನಲ್ಲಿ ಅದೇ ವೈ-ಫೈ ತುಂಬು ಕಡ್ಡಿ ತೋರಿಸುತ್ತಿತ್ತು. ಮೋಡೆಮ್ ಕೆಟ್ಟಿಲ್ಲ, ಕಾರ್ಡೂ ಕೆಟ್ಟಿಲ್ಲ. ಇಬ್ಬರೂ ಎದುರುಬದುರು ನಿಂತು ಮುಖ ನೋಡದ ಹಾಗೆ. ಹುಡುಗ ಕೆಳಗೆ ಹೋಗಿ ಮೋಡೆಮ್ಮಿನ ಸೆಟ್ಟಿಂಗ್ ಪುಟ ತೆರೆಸಿದ. ಅಲ್ಲಿತ್ತು ಉತ್ತರ: ಚಾನೆಲ್ 13. ಪಕ್ಕದವರ ಸಿಗ್ನಲ್ಲಿಗೆ ಅಡ್ಡ ಬರದಿರಲಿ ಎಂದು ಮಗ ಯಾವಾಗಲೋ ಹಾಗೆ ಇಟ್ಟಿದ್ದ.

ವೈ-ಫೈ ಓಡುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ದೇಶಗಳು ಬೇರೆ ಬೇರೆಯಾಗಿ ಹಂಚಿಕೊಂಡಿವೆ. ಭಾರತದಲ್ಲಿ 2005ರ ಜನವರಿಯ ಅಧಿಸೂಚನೆ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗೆ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡ ಎಂದಿತು. 2472 ಮೆಗಾಹರ್ಟ್ಸ್ ಸುತ್ತ ಕೂರುವ ಹದಿಮೂರನೇ ಚಾನೆಲ್ ಅದರೊಳಗೇ ಬರುತ್ತದೆ. ಅಮೆರಿಕದಲ್ಲಿ ವೈ-ಫೈ ಉಪಕರಣಗಳು 2462ರ ಹನ್ನೊಂದನೇ ಚಾನೆಲ್ಲಿಗೇ ನಿಲ್ಲುವುದು ವಾಡಿಕೆ. ಮೇಷ್ಟ್ರ ಲ್ಯಾಪ್‌ಟಾಪ್ ಅಮೆರಿಕಕ್ಕೆಂದು ತಯಾರಾದದ್ದು. ಅದರ ಕಾರ್ಡಿನ ಪುಟ್ಟ ನೆನಪಿನಲ್ಲಿ ಅಲ್ಲಿನ ಕಾನೂನನ್ನೇ ಕೆತ್ತಿ ಕಳಿಸಿದ್ದರು. ಸಮುದ್ರ ದಾಟಿ, ಎಸ್‌ಪಿ ರೋಡ್ ದಾಟಿ, ಮತ್ತಿಗಿರಿಗೆ ಬಂದರೂ ಅದು ತಾನು ಅಮೆರಿಕದಲ್ಲೇ ಇದ್ದೇನೆ ಎಂದುಕೊಂಡು ಹನ್ನೆರಡು, ಹದಿಮೂರನ್ನು ಆಲಿಸಲು ಒಪ್ಪಲಿಲ್ಲ. ಆಮೇಲಿನ ಕರ್ನೆಲ್ಲುಗಳಲ್ಲಿ ದೇಶವಾರು ನಿಯಮಗಳ ಒಂದೇ ಕೋಷ್ಟಕ ಬಂತು, ‘ಐಎನ್’ ಎಂದು ಹೇಳಿ ಭಾರತಕ್ಕೆ ಬದಲಿಸಬಹುದು. ಆದರೆ ಕಾರ್ಡು ತನ್ನೊಳಗಿನ ನಿಯಮವೇ ಹೆಚ್ಚು ಬಿಗಿ ಎಂದರೆ ಹಲವು ಡ್ರೈವರುಗಳು ಅದರ ಮಾತನ್ನೇ ನಡೆಸುತ್ತವೆ. ತಮ್ಮ ಊರು ಯಾವ ರಾಜ್ಯದ ಲೆಕ್ಕ ಎಂದು ಹುಟ್ಟಿದಾರಭ್ಯ ಎರಡೂ ಕಡೆಯವರಿಂದ ಕೇಳಿಸಿಕೊಂಡ ಮೇಷ್ಟ್ರಿಗೆ ಇದು ಹೊಸದೇನೂ ಅನ್ನಿಸಲಿಲ್ಲ.

ಪರಿಹಾರ ಲಿನಕ್ಸಿನಲ್ಲಿ ಇರಲೇ ಇಲ್ಲ. ಮೋಡೆಮ್ಮಿನ ಚಾನೆಲ್ ಬದಲಿಸಬೇಕು, ಅದಕ್ಕೆ ಓನರಮ್ಮ ಒಪ್ಪಬೇಕು. ಹುಡುಗ ಮಗನಿಗೆ ತಮಿಳಿನಲ್ಲಿ ತಾಂತ್ರಿಕ ವಿವರ ಹೇಳಿದ, ಮಗ ತಾಯಿಗೆ ತೆಲುಗಿನಲ್ಲಿ ಅದರ ಸಾರ ಹೇಳಿದ, ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು ಕನ್ನಡದಲ್ಲಿ “ಅಮ್ಮಾ, ನಿಮ್ಮ ನೆಟ್‌ಗೆ ಏನೂ ಆಗಲ್ಲ” ಎಂದು ಭರವಸೆ ಕೊಟ್ಟರು. 13ನ್ನು 6 ಮಾಡಿ ಸೇವ್ ಒತ್ತಿದ್ದೇ ತಡ, ಮೇಲಿನ ಮನೆಯ ಪರದೆಯಲ್ಲಿ ಹೆಸರು ಮೂಡಿತು.

ಮೊದಲು ತೆರೆದದ್ದು ಕನ್ನಡ ವಿಕಿಪೀಡಿಯದ ಹೊಸೂರು ಪುಟವನ್ನು. ಓದಿ ಮೇಷ್ಟ್ರು ಅಂದದ್ದು, “ಇಷ್ಟೇನಾ ಬರೆದಿರೋದು?” ಆಮೇಲಿನ ತಿಂಗಳುಗಳಲ್ಲಿ ಅವರು ರಾತ್ರಿ ಕೂತು ಅಲ್ಲಿಯೂ ಇಲ್ಲಿಯೂ ಸಾಲು ಸೇರಿಸುತ್ತಿದ್ದರು ಎಂದು ಹುಡುಗ ಹೇಳುತ್ತಾನೆ. ಮೇಷ್ಟ್ರು ಒಪ್ಪಿಕೊಳ್ಳುವುದಿಲ್ಲ.

ಗಡಿಯ ತರಲೆ ಅಲ್ಲಿಗೆ ಮುಗಿಯಲಿಲ್ಲ. ರಜೆಗೆ ತಳಿಯ ಕಡೆಯ ಮನೆಗೆ ಹೋದಾಗ ವೈ-ಫೈ ಎಲ್ಲಿಂದ ಬರಬೇಕು? ಅಲ್ಲಿಗೆ ಯುಎಸ್‌ಬಿ ಡೇಟಾ ಕಾರ್ಡು ಬಂತು. ಅದರದು ಇನ್ನೊಂದು ವೇಷ: ಚುಚ್ಚಿದ ಕೂಡಲೇ ತಾನು ಮೋಡೆಮ್ ಎಂದು ಹೇಳುವುದಿಲ್ಲ, ವಿಂಡೋಸ್ ಡ್ರೈವರ್ ಹೊತ್ತ ಸಿಡಿ ಡ್ರೈವ್ ಎಂದು ನಟಿಸುತ್ತದೆ. ಅದಕ್ಕೊಂದು ಸಂಕೇತ ಕಳಿಸಿ ವೇಷ ಕಳಚಿಸುವ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ಸಲಕರಣೆಯನ್ನು ಜರ್ಮನಿಯ ಜೋಶುವಾ ಡೀಟ್ಸೆ ಬರೆದಿದ್ದರು. ವೇಷ ಕಳಚಿದ ಮೇಲೂ ಹಳ್ಳಿಯ ಒಂದು ಕೋಣೆಯಲ್ಲಿ ತಮಿಳುನಾಡಿನ ಟವರು, ಹಿತ್ತಲಿಗೆ ಹೋದರೆ ಕರ್ನಾಟಕದ್ದು. ರೋಮಿಂಗಿಗೆ ಬೇರೆ ದರ ಇದ್ದ ದಿನಗಳು ಅವು. ಗೋಡೆಗೆ ಒರಗಿ ಕೂತು ಮೇಲ್ ನೋಡುವುದೂ ಹಿತ್ತಲಿನಲ್ಲಿ ನೋಡುವುದೂ ಬಿಲ್ಲಿನಲ್ಲಿ ಒಂದೇ ಆಗಿರುತ್ತಿರಲಿಲ್ಲ.

ಅಷ್ಟರಲ್ಲಿ ತಮಿಳುನಾಡು ಸರ್ಕಾರವೇ ಲಿನಕ್ಸನ್ನು ಮನೆಬಾಗಿಲಿಗೆ ತಂದಿತು. ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮವಾದ ಎಲ್‌ಕಾಟ್, ಸಿ. ಉಮಾಶಂಕರ್ ಮುಖ್ಯಸ್ಥರಾಗಿದ್ದಾಗಲೇ ತನ್ನ ಕಂಪ್ಯೂಟರುಗಳನ್ನು ಲಿನಕ್ಸಿಗೆ ತಿರುಗಿಸಿತ್ತು. 2011ರ ಸೆಪ್ಟೆಂಬರ್ 15ರಂದು, ಅಣ್ಣಾದುರೈ ಜನ್ಮದಿನ, ಮುಖ್ಯಮಂತ್ರಿ ಜಯಲಲಿತಾ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಯೋಜನೆ ಶುರು ಮಾಡಿದರು. ಆ ಯಂತ್ರಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಲಿನಕ್ಸೂ ಇತ್ತು. ಚೆನ್ನೈನ ಸಿ-ಡ್ಯಾಕ್ ಕಟ್ಟಿದ ಬಾಸ್, ಡೆಬಿಯನ್ನಿನ ತಳಹದಿಯ ಮೇಲೆ ನಿಂತದ್ದು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳು ಅದರಲ್ಲಿದ್ದವು. ಹೀಗೆ ಕೃಷ್ಣಗಿರಿ ಜಿಲ್ಲೆಯ ಪ್ಲಸ್ ಟೂ ಮಕ್ಕಳ ತೊಡೆಯ ಮೇಲೆ ಲಿನಕ್ಸ್ ಕೂತಿತು, ಬಹುಪಾಲು ಮಕ್ಕಳು ಅದನ್ನು ತೆರೆಯಲಿಲ್ಲ. ತೆರೆದ ಕೆಲವರು ಮೇಷ್ಟ್ರ ಜಗಲಿಗೆ ಬಂದರು. ಅವರು ತಂದ ಯಂತ್ರಗಳಲ್ಲಿ ವೈರ್‌ಲೆಸ್ ಕಾರ್ಡು ತಾನಾಗಿ ಏಳುತ್ತಿದ್ದುದನ್ನು ಕಂಡು ಮೇಷ್ಟ್ರಿಗೆ ಖುಷಿಯ ಜೊತೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ತಾನಾಗಿ ಏಳುವುದಕ್ಕೆ ಹಿಂದೆ ಕಾರಣಗಳಿದ್ದವು. 2007ರ ಜನವರಿಯಲ್ಲಿ ಕರ್ನೆಲ್ ತಂಡದ ಗ್ರೆಗ್ ಕ್ರೋ-ಹಾರ್ಟ್‌ಮನ್ ಕಂಪನಿಗಳಿಗೆ ಬಹಿರಂಗವಾಗಿ ಹೇಳಿದ್ದ: ಚಿಪ್ಪಿನ ವಿವರ ಕೊಡಿ ಸಾಕು, ಡ್ರೈವರನ್ನು ನಾವೇ ಬಿಟ್ಟಿಯಾಗಿ ಬರೆದುಕೊಡುತ್ತೇವೆ. 2008ರಲ್ಲಿ ಅಥೆರೋಸ್ ಕಂಪನಿ ತನ್ನ ಹೊಸ ಚಿಪ್ಪುಗಳಿಗೆ ‘ಅಥ್9ಕೆ’ ಎಂಬ ಮುಕ್ತ ಡ್ರೈವರನ್ನು ತಾನೇ ಹೊರತಂದಿತು. ಅಷ್ಟು ವರ್ಷ ಬಾಯಿ ಬಿಡದ ಬ್ರಾಡ್‌ಕಾಮ್ ಕೂಡ 2010ರ ಸೆಪ್ಟೆಂಬರಿನಲ್ಲಿ ಹೊಸ ಚಿಪ್ಪುಗಳ ಡ್ರೈವರ್ ಮೂಲವನ್ನು ಬಿಡುಗಡೆ ಮಾಡಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಫರ್ಮ್‌ವೇರ್ ಮಾತ್ರ ಮುಚ್ಚಿದ ಹಾಗೇ ಉಳಿಯಿತು. ಈಗ ನಿವೃತ್ತರಾಗಿರುವ ಮೇಷ್ಟ್ರಿಗೂ, ಸಿಪ್‌ಕಾಟ್‌ನಲ್ಲಿ ಸೂಪರ್‌ವೈಸರ್ ಆಗಿರುವ ಹುಡುಗನಿಗೂ ಭಿನ್ನಾಭಿಪ್ರಾಯ ಬರುವುದು ಇಲ್ಲೇ. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ, ಮುಚ್ಚಿದ ಫರ್ಮ್‌ವೇರನ್ನೂ ಅಧಿಕೃತ ಇನ್‌ಸ್ಟಾಲರಿನಲ್ಲೇ ಸೇರಿಸಲು ತೀರ್ಮಾನಿಸಿದರು. 2023ರ ಜೂನ್ 10ರಂದು ಬಂದ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ಮೇಷ್ಟ್ರ ಪ್ರಕಾರ ಇದು ಹದಿನೈದು ವರ್ಷ ಮೊದಲೇ ಆಗಬೇಕಿತ್ತು. ಹುಡುಗನ ಪ್ರಕಾರ ಆಗಲೇಬಾರದಿತ್ತು.

“ಸಾರ್, ಒಳಗೆ ಏನು ಓಡ್ತಾ ಐತೆ ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಮೊದ್ಲು ಅಟ್ಟದ ಮೇಲಿಟ್ಟಿದ್ರು, ಈಗ ನಡುಮನೇಲಿ ಕೂರಿಸವ್ರೆ.”

“ಅಟ್ಟದ ಮೇಲಿಟ್ಟಿದ್ದಕ್ಕೇ ತಾನೇ ನೀನು ಬ್ರೌಸಿಂಗ್ ಸೆಂಟರಿಗೆ ಅಲೆದಿದ್ದು? ತಳಿಯ ಮಗು ಅಲೆಯಬೇಕಾ ಈಗಲೂ?”

ಹುಡುಗ ಆಗ ಇಟಲಿಯ ಬ್ರೆಶಾ ವಿಶ್ವವಿದ್ಯಾಲಯದ ಕಥೆ ತೆಗೆಯುತ್ತಾನೆ. ಅಲ್ಲಿಯವರು 2009ರಲ್ಲೇ, ಕೆಲವು ಬ್ರಾಡ್‌ಕಾಮ್ ಚಿಪ್ಪುಗಳಿಗೆ, ಫರ್ಮ್‌ವೇರನ್ನೂ ಮುಕ್ತವಾಗಿ ಬರೆದು ತೋರಿಸಿದ್ದರು. ಎಲ್ಲ ಸೌಲಭ್ಯ ಇರಲಿಲ್ಲ, ಆದರೆ ಓಡುತ್ತಿತ್ತು. ಮಾಡಬಹುದು ಅನ್ನುವುದಕ್ಕೆ ಅವನಿಗೆ ಅಷ್ಟು ಸಾಕು. ವರ್ಷಕ್ಕೊಂದು ಹೊಸ ಚಿಪ್ಪು ಬರುವಾಗ ಪ್ರತಿಯೊಂದಕ್ಕೂ ಯಾರು ಕೂತು ಬರೆಯುತ್ತಾರೆ ಎಂದು ಮೇಷ್ಟ್ರು ಕೇಳುತ್ತಾರೆ. ನಮ್ಮ ಕಡೆಯ ಹುಡುಗರೇ ಯಾಕೆ ಬರೆಯಬಾರದು ಅನ್ನುತ್ತಾನೆ ಅವನು. ಮೊನ್ನೆ ಅವನ ಹೊಸ ಲ್ಯಾಪ್‌ಟಾಪಿನ ಕಾರ್ಡಿಗೆ ಇನ್ನೂ ಹೊಸ ಕರ್ನೆಲ್ ಬೇಕು ಎಂದಾಗ ಈ ಜಗಳ ಮತ್ತೆ ಶುರುವಾಗಿತ್ತು. ಸೆಕೆಂಡ್ ಶಿಫ್ಟಿನ ಕಂಪನಿ ಬಸ್ ಹಾರ್ನ್ ಹಾಕಿದ್ದರಿಂದ ಅರ್ಧಕ್ಕೆ ನಿಂತಿದೆ.